ಚಿನ್ನ ಅಂಟಿಸಿದ ಮೇಲೆ ಜೆಲ್ ಸಿಟಿ ಸ್ಕ್ಯಾನ್‌ನಲ್ಲಿ ಕಂಡಿತು

ಜೆಲ್ ಸಿಟಿ ಸ್ಕ್ಯಾನ್‌ನಲ್ಲಿ ಕಾಣೋದೇ ಇಲ್ಲ, ಸುಮ್ನೆ ಎಂಆರ್‌ಐ ಮಾಡಿ ಅಂತ ಎಲ್ಲರೂ ಹೇಳಿದ್ದರು. ಈಗ ಇಲಿಯ ಬೆನ್ನಿನ ಚರ್ಮದ ಕೆಳಗಿಟ್ಟ ಜೆಲ್‌ಎಂಎ (ಬೆಳಕಿಗೆ ಗಟ್ಟಿಯಾಗುವ ಜೆಲಾಟಿನ್ ಜೆಲ್) ಮತ್ತು ಜೀವಕೋಶಗಳಿಂದ ಮಾಡಿದ ಕಾರ್ಟಿಲೇಜ್ (ಮೃದ್ವಸ್ಥಿ) ತುಂಡು ಎರಡು ತಿಂಗಳಾದರೂ ಮೈಕ್ರೋ ಸಿಟಿಯಲ್ಲಿ (ತೀರಾ ಸಣ್ಣ ವಿವರ ತೋರಿಸುವ ಎಕ್ಸ್‌ರೇ ಸ್ಕ್ಯಾನ್) ಅಂಚು ಸಮೇತ ಕಾಣುತ್ತಿದೆ.

ಎಂಆರ್‌ಐ ಮಾಡದೆ ಏನಿಲ್ಲ. ಅನುದಾನದ ಹತ್ತಿರಹತ್ತಿರ ಅರ್ಧ ಅಲ್ಲೇ ಕರಗಿತು. ಜೆಲ್‌ನಲ್ಲಿ ಬಹುಪಾಲು ನೀರು, ಸರ್ಜರಿ ಆದ ಜಾಗದಲ್ಲೂ ನೀರು, ನೀರನ್ನು ಹೊಳೆಯುವಂತೆ ತೋರಿಸುವ ಟಿ2 ಎಂಆರ್‌ಐ ಚಿತ್ರದಲ್ಲಿ ಎರಡೂ ಬೆಳ್ಳಗೆ. ಗುರುತು ಸಿಗಲಿ ಅಂತ ಜೆಲ್‌ನೊಳಗಿನ ಕೋಶಗಳಿಗೆ ಎಂಆರ್‌ಐನಲ್ಲಿ ಕಪ್ಪಗೆ ಕಾಣುವ ಐರನ್ ಆಕ್ಸೈಡ್ ತುಂಬಿಸಿದೆವು. ಕಪ್ಪು ಚುಕ್ಕೆ ಚೆನ್ನಾಗಿಯೇ ಬಂತು, ಆದರೆ ಕೋಶ ಸತ್ತ ಮೇಲೂ ಆ ಕಬ್ಬಿಣವನ್ನು ನುಂಗಿದ ಮ್ಯಾಕ್ರೋಫೇಜ್‌ಗಳು (ಕಸ ನುಂಗುವ ರಕ್ಷಣಾ ಕೋಶಗಳು) ಅಲ್ಲೇ ಕೂತಿರುತ್ತವೆ, ಹಳೇ ರಕ್ತಸ್ರಾವವೂ ಹಾಗೇ ಕಪ್ಪಗೆ ಕಾಣುತ್ತದೆ.

ಮಧ್ಯೆ ಫ್ಲೋರಿನ್ ಎಂಆರ್‌ಐ (ನೀರಿನ ಬದಲು ಫ್ಲೋರಿನ್‌ನ ಸಿಗ್ನಲ್ ಹಿಡಿಯುವುದು) ಹುಚ್ಚೂ ಹಿಡಿದಿತ್ತು. ಮೃದು ಅಂಗಾಂಶದಲ್ಲಿ ಫ್ಲೋರಿನ್ ಸಿಗ್ನಲ್ ಇರೋದಿಲ್ಲ, ನಾವು ಹಾಕಿದ್ದಷ್ಟೇ ಕಾಣಬೇಕು ಅಲ್ವಾ? ಆದರೆ ಮಂಪರಿಗೆ ಕೊಡುವ ಐಸೋಫ್ಲುರೇನ್‌ನಲ್ಲೇ ಫ್ಲೋರಿನ್ ಇದೆ! ಕೊಬ್ಬಿಗೆ ಸೇರಿಕೊಂಡು ಅದೂ ಹೊಳೆಯುತ್ತದೆ. ಮಂಪರಿನ ಔಷಧಿ ಬದಲಿಸಿದೆವು. ಆದರೆ ಒಂದೊಂದು ಸ್ಕ್ಯಾನ್‌ಗೂ ಗಂಟೆಗಟ್ಟಲೆ ಬೇಕು, ಬಿಲ್ ನೋಡಿ ಕೈಬಿಟ್ಟೆವು.

ಸಿಟಿಯಲ್ಲಿ ಕಾಣಲಿ ಅಂತ ಮೊದಲು ಇಂಕ್‌ನಲ್ಲಿ (ಗಟ್ಟಿಯಾಗುವ ಮೊದಲಿನ ಜೆಲ್ ದ್ರವ) ಎಕ್ಸ್‌ರೇ ತಡೆಯುವ ಅಯೋಡಿನ್ ಬೆರೆಸಿದ್ದೆ. ಸಣ್ಣ ಅಣು, ಒಂದೆರಡು ದಿನಕ್ಕೆ ತೊಳೆದುಹೋಯಿತು. ಚಿನ್ನದ ನ್ಯಾನೋ ಕಣ ಬರೀ ಬೆರೆಸಿದರೆ ಅದೂ ನಿಧಾನಕ್ಕೆ ಸೋರಿತು. ಕೈ ಹಿಡಿದಿದ್ದು ಕಣವನ್ನು ಜೆಲ್‌ನ ಸರಪಳಿಗೇ ಅಂಟಿಸಿದಾಗ. 20 ನ್ಯಾನೋಮೀಟರ್ ಆಸುಪಾಸಿನ ಕಣ, ಚಿನ್ನಕ್ಕೆ ಗಟ್ಟಿಯಾಗಿ ಅಂಟುವ ಥಯಾಲ್ (ಗಂಧಕದ ಗುಂಪು) ಕೊಂಡಿ. ಯಾವ ಥಯಾಲ್, ಎಷ್ಟು ಅನುಪಾತ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಚಿನ್ನ ಅಂದಕೂಡಲೇ ಹೆದರಬೇಡಿ, ತುಂಡಿಗೆ ಕೆಲವೇ ಮಿಲಿಗ್ರಾಂ ಸಾಕು. ತಲೆನೋವು ಬೇರೆ ಕಡೆ: ಜೆಲ್ ಗಟ್ಟಿ ಮಾಡುವ 405 ನ್ಯಾನೋಮೀಟರ್ ನೇರಳೆ ಬೆಳಕನ್ನೂ ಚಿನ್ನ ಹೀರುತ್ತದೆ, ಜೆಲ್ ಗಟ್ಟಿಯಾಗಲು ಸುಮಾರು ಒಂದೂವರೆ ಪಟ್ಟು ಹೊತ್ತು ಹಿಡಿಯಿತು. ಅಷ್ಟು ಹೊತ್ತು ಬೆಳಕು ಬಿದ್ದರೆ ಕೋಶಗಳಿಗೆ ಆಗಿಬರೋದಿಲ್ಲ, ಅದಕ್ಕೇ ಪದರ ತೆಳ್ಳಗೆ ಮಾಡಿದೆ.

ಜೆಲ್ ಕರಗಿದರೆ ಚಿನ್ನವೂ ಮ್ಯಾಕ್ರೋಫೇಜ್ ಹೊಟ್ಟೆ ಸೇರುತ್ತದಲ್ಲ ಅಂತ ಕೇಳುತ್ತೀರಿ. ಸೇರುತ್ತದೆ. ಅದಕ್ಕೇ ನಾನು ಸ್ಕ್ಯಾನ್‌ನಲ್ಲಿ ಚಿನ್ನ ತೋರಿಸುವ ಬಿಳುಪನ್ನಷ್ಟೇ ನಂಬೋದಿಲ್ಲ, ಅಂಚು ಮತ್ತು ಗಾತ್ರ ನೋಡುತ್ತೇನೆ, ಕೊನೆಗೆ ಲಿವರ್, ಗುಲ್ಮದಲ್ಲೂ ಚಿನ್ನ ಅಳೆಸುತ್ತೇನೆ. ಪ್ರತಿ ಸ್ಕ್ಯಾನ್‌ನಲ್ಲೂ ಇಲಿಯ ಪಕ್ಕ ಗೊತ್ತಿರುವ ಪ್ರಮಾಣದ ಚಿನ್ನ ತುಂಬಿದ ಟ್ಯೂಬ್‌ಗಳನ್ನು ಇಡಿ, ಇಲ್ಲದಿದ್ದರೆ ಈ ವಾರದ ಚಿತ್ರವನ್ನು ಹೋದ ವಾರದ್ದಕ್ಕೆ ಹೋಲಿಸಲು ಬರೋದಿಲ್ಲ. ಪದೇಪದೇ ಸ್ಕ್ಯಾನ್ ಮಾಡಿದರೆ ಎಕ್ಸ್‌ರೇ ಡೋಸ್ ಸೇರುತ್ತಾ ಹೋಗುತ್ತದೆ. ನಾವು 1, 2, 4, 8ನೇ ವಾರ ಹೀಗೆ ನಾಲ್ಕೇ ಸ್ಕ್ಯಾನ್‌ಗೆ ನಿಲ್ಲಿಸಿದೆವು.

ಕೋಶ ಬದುಕಿವೆಯಾ ಅನ್ನೋದು ಸಿಟಿಗೆ ಗೊತ್ತಾಗೋದಿಲ್ಲ, ಅದಕ್ಕೆ ಲೂಸಿಫೆರೇಸ್ ಇದೆ, ಬದುಕಿರುವ ಕೋಶ ಹೊಳೆಯುವಂತೆ ಮಾಡುವ ಮಿಂಚುಹುಳದ ಕಿಣ್ವ. ಆ ಬೆಳಕಿಗೆ ಆಮ್ಲಜನಕ, ಎಟಿಪಿ (ಕೋಶದ ಶಕ್ತಿಯ ಅಣು) ಎರಡೂ ಬೇಕು. ಆಮ್ಲಜನಕ ಕಡಿಮೆಯಾದರೂ ತುಂಡು ಮಂಕಾಗುತ್ತದೆ, ಕೂಡಲೇ ಕೋಶ ಸತ್ತವು ಅನ್ನಬೇಡಿ. ನಮ್ಮದು 4ನೇ ವಾರಕ್ಕೆ ಮಂಕಾಗಿತ್ತು, ಕೊಯ್ದು ಬಣ್ಣ ಹಾಕಿ ನೋಡಿದರೆ ನಡುವಿನ ಕೋಶಗಳು ಆರಾಮಾಗಿದ್ದವು.