ಉಗುರುಸುತ್ತಿನಿಂದ ವಿಷಮಶೀತಜ್ವರದವರೆಗೆ: ಬ್ಯಾಕ್ಟೀರಿಯಾವನ್ನು ಗುರುತಿಸುವ ಗ್ರಾಹಕಗಳನ್ನು ಕಲಿಯುವ ಕ್ರಮ

ಉಗುರಿನ ಅಂಚಿನಲ್ಲಿ ಎದ್ದ ಸಿಪ್ಪೆಯನ್ನು ಹಲ್ಲಿನಿಂದ ಕಿತ್ತು ಒಂದೆರಡು ದಿನ ಕಳೆಯುವಷ್ಟರಲ್ಲಿ ಬೆರಳು ಕೆಂಪಗಾಗಿ, ಬಿಸಿಯಾಗಿ, ರಾತ್ರಿಯೆಲ್ಲ ನಾಡಿಯಂತೆ ಮಿಡಿಯತೊಡಗುತ್ತದೆ. ಮನೆಯ ಹಿರಿಯರು ನಿಂಬೆಹಣ್ಣಿಗೆ ತೂತು ಕೊರೆದು ಆ ಬೆರಳಿಗೆ ಸಿಕ್ಕಿಸುತ್ತಾರೆ. ಉಗುರುಸುತ್ತಿಗೆ ಹೆಚ್ಚಾಗಿ ಕಾರಣವಾಗುವುದು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಆದರೆ ಬೆರಳಿನ ಕೆಂಪು, ಬಿಸಿ, ಊತ, ನೋವುಗಳ ಬಹುಪಾಲನ್ನು ಉಂಟುಮಾಡುವುದು ನಮ್ಮದೇ ದೇಹ. ದೇಹಕ್ಕೆ ಹೊಸದಾದ ಬ್ಯಾಕ್ಟೀರಿಯಾದ ವಿರುದ್ಧ ಪ್ರತಿಕಾಯಗಳು ತಯಾರಾಗಲು ಹಲವು ದಿನಗಳು ಬೇಕು. ಬೆರಳು ಅಷ್ಟು ಕಾಯುವುದಿಲ್ಲ, ಕೆಲವೇ ಗಂಟೆಗಳಲ್ಲಿ ಪ್ರತಿಕ್ರಿಯೆ ಆರಂಭವಾಗಿರುತ್ತದೆ. ಒಳಗೆ ಬಂದಿರುವುದು ಬ್ಯಾಕ್ಟೀರಿಯಾ ಎಂದು ಬೆರಳಿನ ಜೀವಕೋಶಗಳಿಗೆ ಇಷ್ಟು ಬೇಗ ತಿಳಿದದ್ದು ಹೇಗೆ? ಹುಟ್ಟಿನಿಂದಲೇ ಇರುವ ಸಹಜ ರೋಗನಿರೋಧಕತೆಯ ಗ್ರಾಹಕಗಳ, ಅಂದರೆ ಸೂಕ್ಷ್ಮಾಣುಗಳ ಅಣುಗಳನ್ನು ಹಿಡಿದು ಗುರುತಿಸುವ ನಮ್ಮ ಪ್ರೋಟೀನ್‌ಗಳ, ಅಧ್ಯಯನವನ್ನು ಈ ಪ್ರಶ್ನೆಯಿಂದಲೇ ಆರಂಭಿಸಬೇಕು.

ಪಿಯುಸಿ ಮತ್ತು ಪದವಿ ತರಗತಿಗಳಲ್ಲಿ ಜೀವಶಾಸ್ತ್ರ ಓದುವವರಿಗೆ ಮತ್ತು ಅವರಿಗೆ ಪಾಠ ಹೇಳುವವರಿಗೆ ಉಪಯೋಗವಾಗಲೆಂದು ಇದನ್ನು ಬರೆದಿದ್ದೇನೆ. ದ್ವಿತೀಯ ಪಿಯುಸಿ ಪಠ್ಯವು ಸಹಜ ರೋಗನಿರೋಧಕತೆಯನ್ನು ಭೌತಿಕ, ಶಾರೀರಿಕ, ಕೋಶೀಯ ಮತ್ತು ಸೈಟೊಕೈನ್ (ಜೀವಕೋಶಗಳು ಒಂದಕ್ಕೊಂದು ಕಳುಹಿಸುವ ಸಂದೇಶದ ಪ್ರೋಟೀನ್) ಎಂಬ ನಾಲ್ಕು ತಡೆಗಳಾಗಿ ಹೇಳಿಕೊಡುತ್ತದೆ. ಆ ತಡೆಗಳಿಗೆ ಸುದ್ದಿ ಮುಟ್ಟಿಸುವವರು ಯಾರು ಎಂಬುದನ್ನು ಮುಂದಿನ ತರಗತಿಗಳಲ್ಲಿ ಓದಲು ಹೊರಟಾಗ ಟಿಎಲ್‌ಆರ್, ಎನ್‌ಒಡಿ, ಎನ್‌ಎಲ್‌ಆರ್ ಎಂಬ ಗ್ರಾಹಕಗಳ ಹೆಸರುಗಳ ರಾಶಿ ಎದುರಾಗುತ್ತದೆ. ಹೆಸರುಗಳನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯ ಮರುದಿನವೇ ಅವನ್ನು ಮರೆಯುವುದನ್ನು ನಾನು ಬೇಕಾದಷ್ಟು ಸಲ ಕಂಡಿದ್ದೇನೆ. ಆದ್ದರಿಂದ ಗ್ರಾಹಕಗಳ ಪಟ್ಟಿಯನ್ನು ಸದ್ಯಕ್ಕೆ ಮುಚ್ಚಿಟ್ಟು, ಒಂದು ಹಾಳೆಯ ಮೇಲೆ ಬ್ಯಾಕ್ಟೀರಿಯಾದ ಚಿತ್ರವನ್ನು ದೊಡ್ಡದಾಗಿ ಬರೆದುಕೊಳ್ಳಿ.

ಆ ಚಿತ್ರದಲ್ಲಿ, ಬ್ಯಾಕ್ಟೀರಿಯಾಕ್ಕೆ ಬದುಕಲು ಬೇಕಾದ, ಆದರೆ ನಮ್ಮ ಜೀವಕೋಶಗಳಲ್ಲಿ ಇಲ್ಲದ ಭಾಗಗಳನ್ನು ಗುರುತಿಸಿ. ಕೋಶಭಿತ್ತಿಯ ಪೆಪ್ಟಿಡೊಗ್ಲೈಕಾನ್ ಅಂಥದ್ದು. ಹೊರಪೊರೆಯ ಲಿಪೊಪಾಲಿಸ್ಯಾಕರೈಡ್, ಅಂದರೆ ಎಲ್‌ಪಿಎಸ್, ಅಂಥದ್ದು. ಕೊಬ್ಬಿನ ಬಾಲವುಳ್ಳ ಲಿಪೊಪ್ರೋಟೀನ್‌ಗಳು, ಈಜುವ ಬ್ಯಾಕ್ಟೀರಿಯಾಗಳ ಕಶಾಂಗವನ್ನು ಕಟ್ಟುವ ಫ್ಲಾಜೆಲಿನ್ ಪ್ರೋಟೀನ್ ಕೂಡ ಇದೇ ಗುಂಪಿಗೆ ಸೇರುತ್ತವೆ. ಅಮೆರಿಕದ ಚಾರ್ಲ್ಸ್ ಜೇನ್‌ವೇ 1989ರಲ್ಲಿ ಮಂಡಿಸಿದ ವಿಚಾರದ ತಿರುಳು ಇದೇ: ದೇಹವು ಸೂಕ್ಷ್ಮಾಣುಗಳನ್ನು ಒಂದೊಂದಾಗಿ ಗುರುತಿಸಬೇಕಾಗಿಲ್ಲ, ಅವುಗಳ ದೊಡ್ಡ ಗುಂಪುಗಳಿಗೆ ಸಮಾನವಾದ, ಸುಲಭವಾಗಿ ಬದಲಾಯಿಸಲಾಗದ ಅಣುಗಳನ್ನು ಗುರುತಿಸಿದರೆ ಸಾಕು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ನ್ಯಾಯಶಾಸ್ತ್ರದ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದ, ಉದಾಹರಣೆ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಗ್ರಾಹಕಕ್ಕೆ ಸಿಗುವುದು ಹೊಗೆ ಮಾತ್ರ. ಆಟೊಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಕ್ಟೀರಿಯಾಗಳೆಲ್ಲ ಸತ್ತರೂ ಅವುಗಳ ಎಲ್‌ಪಿಎಸ್ ಉಳಿದುಕೊಳ್ಳುತ್ತದೆ, ರಕ್ತಕ್ಕೆ ಸೇರಿದರೆ ಜ್ವರವನ್ನೂ ತರುತ್ತದೆ. ಚುಚ್ಚುಮದ್ದಿನ ಔಷಧಗಳಲ್ಲಿ ಕ್ರಿಮಿಗಳಿಲ್ಲವೆಂದು ನೋಡಿದ ಮೇಲೂ ಎಂಡೊಟಾಕ್ಸಿನ್ (ಎಲ್‌ಪಿಎಸ್‌ನ ಇನ್ನೊಂದು ಹೆಸರು) ಪರೀಕ್ಷೆಯನ್ನು ಬೇರೆಯಾಗಿ ಮಾಡುವುದು ಈ ಕಾರಣಕ್ಕಾಗಿ.

ಚಿತ್ರ ಬರೆದ ಮೇಲೆ, ಅವಕಾಶವಿದ್ದರೆ, ಗ್ರಾಂ ಬಣ್ಣಲೇಪನವನ್ನು ನಿಮ್ಮ ಕೈಯಿಂದಲೇ ಒಮ್ಮೆ ಮಾಡಿ. ಕಾಲೇಜಿನ ಪ್ರಯೋಗಾಲಯ ಮತ್ತು ಮನೆಯ ಮೊಸರು ಸಾಕು. ಮೊಸರಿನ ಮೇಲೆ ನಿಂತ ತಿಳಿನೀರಿನ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಗಾಳಿಯಲ್ಲಿ ಒಣಗಿಸಿ, ಪಟ್ಟಿಯನ್ನು ಜ್ವಾಲೆಯ ಮೇಲೆ ಎರಡು ಮೂರು ಬಾರಿ ಬೇಗನೆ ಹಾಯಿಸಿ. ಬಳಿಕ ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ಕೆಲವೇ ಸೆಕೆಂಡು ಆಲ್ಕೊಹಾಲ್, ಕೊನೆಗೆ ಸ್ಯಾಫ್ರನಿನ್. ಪ್ರತಿ ಹಂತದ ನಂತರವೂ ನೀರಿನಿಂದ ಮೆಲ್ಲಗೆ ತೊಳೆಯಬೇಕು. ಆಲ್ಕೊಹಾಲ್ ಹೆಚ್ಚು ಹೊತ್ತು ನಿಂತರೆ ಫಲಿತಾಂಶ ತಲೆಕೆಳಗಾಗುತ್ತದೆ, ಆದ್ದರಿಂದ ಆ ಹಂತದಲ್ಲಿ ಕಣ್ಣು ಬೇರೆಡೆ ಹೋಗಬಾರದು. ಎಣ್ಣೆ ಹಾಕಿ ನೋಡುವ ಮಸೂರದ ಕೆಳಗೆ ನೇರಳೆ ಬಣ್ಣದ ಕಡ್ಡಿಗಳೂ ಸರಪಳಿಯಂತೆ ಜೋಡಿಸಿಕೊಂಡ ದುಂಡು ಕಣಗಳೂ ಕಾಣುತ್ತವೆ. ಇವು ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳು. ಇವುಗಳ ದಪ್ಪ ಪೆಪ್ಟಿಡೊಗ್ಲೈಕಾನ್ ಪದರ ನೇರಳೆ ಬಣ್ಣವನ್ನು ಬಿಟ್ಟುಕೊಡುವುದಿಲ್ಲ. ಇ. ಕೋಲಿ, ಸಾಲ್ಮೊನೆಲ್ಲಾಗಳಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ ಪದರ ತೆಳುವಾದದ್ದು. ಅವುಗಳ ಎಲ್‌ಪಿಎಸ್ ತುಂಬಿದ ಹೊರಪೊರೆ ಆಲ್ಕೊಹಾಲ್‌ಗೆ ಕರಗುವುದರಿಂದ ಅವು ನೇರಳೆ ಕಳೆದುಕೊಂಡು ಗುಲಾಬಿ ಬಣ್ಣ ತಾಳುತ್ತವೆ. ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ಈ ವಿಧಾನವು ಬಣ್ಣದಲ್ಲಿ ತೋರಿಸುವ ಭೇದವನ್ನೇ ನಮ್ಮ ಗ್ರಾಹಕಗಳು ಸ್ಪರ್ಶದಿಂದ ತಿಳಿಯುತ್ತವೆ: ಎಲ್‌ಪಿಎಸ್ ಅನ್ನು ಟಿಎಲ್‌ಆರ್–4 ಹಿಡಿದರೆ, ಲಿಪೊಪ್ರೋಟೀನ್‌ಗಳನ್ನು ಟಿಎಲ್‌ಆರ್–2 ತನ್ನ ಜೊತೆಗಾರರಾದ ಟಿಎಲ್‌ಆರ್–1 ಅಥವಾ ಟಿಎಲ್‌ಆರ್–6ರೊಂದಿಗೆ ಸೇರಿ ಹಿಡಿಯುತ್ತದೆ. ಉಗುರುಸುತ್ತಿನ ಬೆರಳಿನಲ್ಲಿ ಕೆಲಸ ಮಾಡುವ ಮುಖ್ಯ ಗ್ರಾಹಕಗಳಲ್ಲಿ ಟಿಎಲ್‌ಆರ್–2 ಒಂದು.

ಈ ಹಂತದಲ್ಲಿ ಜಾಣ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಮೊಸರಿನಲ್ಲಿ ಇಷ್ಟೊಂದು ಬ್ಯಾಕ್ಟೀರಿಯಾಗಳಿದ್ದರೂ ಮೊಸರನ್ನ ಉಂಡವರಿಗೆ ಜ್ವರ ಬರುವುದಿಲ್ಲವೇಕೆ? ಗ್ರಾಹಕ ಏನನ್ನು ಹಿಡಿಯುತ್ತದೆ ಎಂಬುದರಷ್ಟೇ ಅದು ಎಲ್ಲಿ ಕುಳಿತಿದೆ ಎಂಬುದೂ ಮುಖ್ಯ ಎಂಬುದು ಉತ್ತರದ ಒಂದು ದೊಡ್ಡ ಭಾಗ. ಕರುಳಿನಲ್ಲಿ ಬ್ಯಾಕ್ಟೀರಿಯಾಗಳನ್ನು ಲೋಳೆಯ ಪದರ ದೂರ ಇಟ್ಟಿರುತ್ತದೆ. ಫ್ಲಾಜೆಲಿನ್ ಹಿಡಿಯುವ ಟಿಎಲ್‌ಆರ್–5 ಅನೇಕ ಕರುಳುಕೋಶಗಳಲ್ಲಿ ಆಹಾರ ಹಾಯುವ ಬದಿಗೆ ಬದಲಾಗಿ ಅದರ ಹಿಂಬದಿಯಲ್ಲಿ, ಅಂದರೆ ದೇಹದ ಒಳಭಾಗಕ್ಕೆ ಮುಖಮಾಡಿದ ಕಡೆ ಇರುತ್ತದೆ. ಅಲ್ಲಿಗೆ ಫ್ಲಾಜೆಲಿನ್ ತಲುಪಿದೆಯೆಂದರೆ ಗೋಡೆ ಒಡೆದಿದೆ ಎಂದೇ ಅರ್ಥ.

ಆದ್ದರಿಂದ ಎರಡನೆಯ ಹಾಳೆಯಲ್ಲಿ ನಮ್ಮ ಜೀವಕೋಶವೊಂದನ್ನು ಬರೆದು ಮೂರು ವಲಯಗಳನ್ನು ಗುರುತಿಸಿ. ಹೊರಪೊರೆಯ ಮೇಲೆ ಟಿಎಲ್‌ಆರ್–2, 4 ಮತ್ತು 5. ನುಂಗಿದ್ದನ್ನು ಜೀರ್ಣಿಸುವ ಒಳಚೀಲದಲ್ಲಿ ಟಿಎಲ್‌ಆರ್–9. ಬ್ಯಾಕ್ಟೀರಿಯಾ ಅಲ್ಲಿ ಒಡೆದ ಮೇಲಷ್ಟೇ ಅದರ ಡಿಎನ್‌ಎ ಈ ಗ್ರಾಹಕಕ್ಕೆ ಸಿಗುತ್ತದೆ. ಮೂರನೆಯದು ಕೋಶರಸ. ಇಲ್ಲಿ ಪೆಪ್ಟಿಡೊಗ್ಲೈಕಾನ್‌ನ ಚೂರುಗಳನ್ನು ಎನ್‌ಒಡಿ–1 ಮತ್ತು ಎನ್‌ಒಡಿ–2 ಪತ್ತೆಹಚ್ಚುತ್ತವೆ, ಒಳನುಗ್ಗಿದ ಫ್ಲಾಜೆಲಿನ್ ಅನ್ನು ಎನ್‌ಎಐಪಿ–ಎನ್‌ಎಲ್‌ಆರ್‌ಸಿ–4 ಜೋಡಿ ಹಿಡಿಯುತ್ತದೆ, ಎಲ್‌ಪಿಎಸ್ ಬಂದರೆ ಕ್ಯಾಸ್ಪೇಸ್–4 ಎಂಬ ಕಿಣ್ವ ನೇರವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಹೊರಪೊರೆಯ ಮೇಲೆ ಎಲ್‌ಪಿಎಸ್ ಸಿಕ್ಕಾಗ ಜೀವಕೋಶ ನೆರೆಹೊರೆಗೆ ಎಚ್ಚರಿಕೆ ಕಳುಹಿಸುತ್ತದೆ. ಅದೇ ಅಣು ಕೋಶರಸದಲ್ಲಿ ಸಿಕ್ಕರೆ ತನ್ನ ಪೊರೆಗೆ ತಾನೇ ರಂಧ್ರ ಕೊರೆದುಕೊಂಡು ಸಾಯುತ್ತದೆ, ಬ್ಯಾಕ್ಟೀರಿಯಾಕ್ಕೆ ಅಡಗುವ ತಾಣ ಇಲ್ಲವಾಗುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ಸುಂದರವಾದ ಸಂಗತಿ ಇನ್ನೊಂದಿಲ್ಲ. ಮನುಷ್ಯನಲ್ಲಿರುವ 10 ಟಿಎಲ್‌ಆರ್‌ಗಳನ್ನೂ ಬರೆಯಲು ಹೋಗಬೇಡಿ. ಬ್ಯಾಕ್ಟೀರಿಯಾಗಳ ಮಟ್ಟಿಗೆ ಇಷ್ಟು ಸಾಕು.

ಇನ್ನು ಒಂದೇ ಒಂದು ಗ್ರಾಹಕವನ್ನು ಆರಿಸಿಕೊಂಡು ಅದರ ದಾರಿಯನ್ನು ಕೊನೆಯವರೆಗೂ ನಡೆಯಿರಿ. ಟಿಎಲ್‌ಆರ್–4 ಇದಕ್ಕೆ ಅತ್ಯುತ್ತಮ, ಏಕೆಂದರೆ ಅದಕ್ಕೆ ಒಂದು ಶತಮಾನದ ಹುಡುಕಾಟದ ಕಥೆಯಿದೆ. 1892ರಲ್ಲಿ ರಿಚರ್ಡ್ ಫೈಫರ್ ಕಾಲರಾ ಬ್ಯಾಕ್ಟೀರಿಯಾ ಸತ್ತ ಮೇಲೂ ಉಳಿಯುವ ವಿಷವನ್ನು ಕಂಡು ಎಂಡೊಟಾಕ್ಸಿನ್ ಎಂಬ ಕಲ್ಪನೆಯನ್ನು ಮುಂದಿಟ್ಟರು. ಅದನ್ನು ದೇಹದ ಯಾವ ಅಣು ಗುರುತಿಸುತ್ತದೆಂದು ಬಹಳ ಕಾಲ ಗೊತ್ತಾಗಲಿಲ್ಲ. ಸಿ3ಎಚ್/ಎಚ್‌ಇಜೆ ಎಂಬ ತಳಿಯ ಇಲಿಗಳು ಬೇರೆ ಇಲಿಗಳನ್ನು ಕೊಲ್ಲುವಷ್ಟು ಎಲ್‌ಪಿಎಸ್ ಕೊಟ್ಟರೂ ಬದುಕುತ್ತಿದ್ದವು. ಆದರೆ ಜೀವಂತ ಸಾಲ್ಮೊನೆಲ್ಲಾ ಸೋಂಕು ತಗುಲಿದರೆ ಅವೇ ಎಲ್ಲಕ್ಕಿಂತ ಬೇಗ ಸಾಯುತ್ತಿದ್ದವು. 1996ರಲ್ಲಿ ಜೂಲ್ಸ್ ಹಾಫ್‌ಮನ್ ಅವರ ತಂಡ ಹಣ್ಣಿನ ನೊಣದಲ್ಲಿ ಟೋಲ್ ಎಂಬ ಜೀನ್ ಕೆಟ್ಟರೆ ಶಿಲೀಂಧ್ರದ ಸೋಂಕನ್ನು ತಡೆಯಲಾಗದೆಂದು ತೋರಿಸಿತು. 1998ರಲ್ಲಿ ಬ್ರೂಸ್ ಬ್ಯುಟ್ಲರ್ ಅವರ ತಂಡ ಆ ಇಲಿಗಳ ದೋಷವನ್ನು ಟೋಲ್ ಮಾದರಿಯದೇ ಆದ ಟಿಎಲ್‌ಆರ್–4 ಜೀನ್‌ನಲ್ಲಿ ಕಂಡುಹಿಡಿಯಿತು. ಪ್ರೋಟೀನ್‌ನ 712ನೇ ಸ್ಥಾನದಲ್ಲಿ ಪ್ರೋಲಿನ್ ಇರಬೇಕಾದ ಕಡೆ ಹಿಸ್ಟಿಡಿನ್ ಬಂದಿತ್ತು, ತಪ್ಪು ಅಷ್ಟೇ. ಇಬ್ಬರೂ 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ವಿಷ ತಟ್ಟದ ಇಲಿ ಸೋಂಕಿಗೆ ಬಲಿಯಾಯಿತೇಕೆ ಎಂಬುದನ್ನು ನಿಮ್ಮ ಮಾತಿನಲ್ಲಿ ಬರೆಯಲು ಪ್ರಯತ್ನಿಸಿ. ಅದು ಬಂದರೆ ಗ್ರಾಹಕದ ಕೆಲಸ ಅರ್ಥವಾಯಿತೆಂದು ತಿಳಿಯಬಹುದು.

ದಾರಿ ಹೀಗಿದೆ. ರಕ್ತದಲ್ಲಿರುವ ಎಲ್‌ಬಿಪಿ ಎಂಬ ಪ್ರೋಟೀನ್ ಎಲ್‌ಪಿಎಸ್ ಅಣುವನ್ನು ಸಿಡಿ–14 ಎಂಬ ಪ್ರೋಟೀನ್‌ಗೆ ದಾಟಿಸುತ್ತದೆ, ಸಿಡಿ–14 ಅದನ್ನು ಟಿಎಲ್‌ಆರ್–4ಕ್ಕೆ ಅಂಟಿಕೊಂಡ ಎಂಡಿ–2 ಎಂಬ ಪ್ರೋಟೀನ್‌ಗೆ ಒಪ್ಪಿಸುತ್ತದೆ. ಎಲ್‌ಪಿಎಸ್‌ನ ಬುಡವಾದ ಲಿಪಿಡ್–ಎಯಲ್ಲಿ ಇ. ಕೋಲಿಯಾದರೆ ಆರು ಕೊಬ್ಬಿನ ಎಳೆಗಳಿರುತ್ತವೆ. ಐದು ಎಳೆಗಳು ಎಂಡಿ–2ರ ಪೊಟರೆಯೊಳಗೆ ಹುದುಗಿಕೊಳ್ಳುತ್ತವೆ. ಹೊರಗುಳಿದ ಆರನೆಯದು ಪಕ್ಕದ ಇನ್ನೊಂದು ಟಿಎಲ್‌ಆರ್–4 ಅನ್ನು ತನ್ನತ್ತ ಸೇರಿಸಿಕೊಳ್ಳುತ್ತದೆ. ಎರಡು ಗ್ರಾಹಕಗಳು ಹೀಗೆ ಜೊತೆಯಾದಾಗ ಪೊರೆಯ ಒಳಗಿರುವ ಅವುಗಳ ತುದಿಗಳೂ ಕೂಡಿ, ಮೈಡಿ–88, ಐಆರ್‌ಎಕೆ–4 ಮುಂತಾದ ಪ್ರೋಟೀನ್‌ಗಳ ಮೂಲಕ ಸಂದೇಶ ಸಾಗಿ, ಎನ್‌ಎಫ್–ಕಪ್ಪಾ–ಬಿ ಎಂಬ ಪ್ರೋಟೀನ್ ಕೋಶಕೇಂದ್ರವನ್ನು ಹೊಕ್ಕು ಸೈಟೊಕೈನ್‌ಗಳ ಜೀನ್‌ಗಳನ್ನು ಎಚ್ಚರಿಸುತ್ತದೆ. ಈ ಸೈಟೊಕೈನ್‌ಗಳಲ್ಲಿ ಟಿಎನ್‌ಎಫ್ ರಕ್ತನಾಳಗಳ ಒಳಪದರವನ್ನು ಸಜ್ಜುಗೊಳಿಸುತ್ತದೆ, ಐಎಲ್–8 ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಕೀವಿನಲ್ಲಿ ಹೆಚ್ಚಾಗಿ ಇರುವುದು ಹೀಗೆ ಬಂದು ಸತ್ತ ನ್ಯೂಟ್ರೊಫಿಲ್‌ಗಳೇ. ಐಎಲ್–1 ಮತ್ತು ಐಎಲ್–6 ಮೆದುಳಿನ ಹೈಪೊಥಲಾಮಸ್‌ನಲ್ಲಿ ಪ್ರೊಸ್ಟಗ್ಲಾಂಡಿನ್ ಹೆಚ್ಚಿಸಿ ಜ್ವರ ಬರಿಸುತ್ತವೆ. ಐಎಲ್–6 ಯಕೃತ್ತಿಗೆ ತಲುಪಿದಾಗ ಅಲ್ಲಿ ಸಿ–ರಿಯಾಕ್ಟಿವ್ ಪ್ರೋಟೀನ್ ತಯಾರಾಗುತ್ತದೆ. ವೈದ್ಯರು ಬರೆದುಕೊಡುವ ರಕ್ತಪರೀಕ್ಷೆಯ ಚೀಟಿಯಲ್ಲಿ ಸಿಆರ್‌ಪಿ ಎಂದು ನೀವು ಓದಿರುವುದು ಇದನ್ನೇ. ಇದೇ ಸರಪಳಿ ಇಡೀ ರಕ್ತದಲ್ಲಿ ಹತೋಟಿ ತಪ್ಪಿದಾಗ ರಕ್ತದೊತ್ತಡ ಕುಸಿದು ಜೀವಕ್ಕೆ ಅಪಾಯವಾಗಬಹುದು. ಆದುದರಿಂದ ರೋಗನಿರೋಧಕ ಶಕ್ತಿ ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದೆಂಬ ಜಾಹೀರಾತಿನ ಮಾತನ್ನು ಪಾಠದೊಳಗೆ ತರಬೇಡಿ. ಬೆರಳಿನ ಉಗುರುಸುತ್ತಿನಿಂದ ಕೆಂಪು ಗೆರೆ ಕೈಯ ಮೇಲಕ್ಕೆ ಹತ್ತತೊಡಗಿದರೆ ಅಥವಾ ಚಳಿಜ್ವರ ಬಂದರೆ ನಿಂಬೆಹಣ್ಣನ್ನು ನಂಬಿ ಕೂರದೆ ವೈದ್ಯರ ಬಳಿಗೆ ಹೋಗಬೇಕು.

ದಾರಿ ತಿಳಿದ ಮೇಲೆ ಬ್ಯಾಕ್ಟೀರಿಯಾ ಅದನ್ನು ಹೇಗೆ ತಪ್ಪಿಸಿಕೊಳ್ಳುತ್ತದೆಂದು ನೋಡಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪ್ಲೇಗಮ್ಮನ ಗುಡಿಗಳು ಇಂದಿಗೂ ಆ ಭಯವನ್ನು ನೆನಪಿಸುತ್ತವೆ. ಪ್ಲೇಗಿನ ಯರ್ಸಿನಿಯಾ ಪೆಸ್ಟಿಸ್ ಚಿಗಟದ ಮೈಯ ಕಡಿಮೆ ಉಷ್ಣತೆಯಲ್ಲಿ ಆರು ಎಳೆಗಳ ಲಿಪಿಡ್–ಎಯನ್ನೂ ತಯಾರಿಸುತ್ತದೆ. ಮನುಷ್ಯನ 37 ಡಿಗ್ರಿಗೆ ಬಂದಾಗ ಮುಖ್ಯವಾಗಿ ನಾಲ್ಕು ಎಳೆಗಳದನ್ನು ಮಾತ್ರ ತಯಾರಿಸುತ್ತದೆ. ಜೊತೆಗೂಡಿಸುವ ಆರನೆಯ ಎಳೆಯೇ ಇಲ್ಲದ ಮೇಲೆ ಟಿಎಲ್‌ಆರ್–4 ಎಚ್ಚರಗೊಳ್ಳುವುದು ಹೇಗೆ? ವಿಜ್ಞಾನಿಗಳು ಇ. ಕೋಲಿಯ ಒಂದು ಜೀನ್ ಸೇರಿಸಿ, 37 ಡಿಗ್ರಿಯಲ್ಲೂ ಆರು ಎಳೆ ಕಟ್ಟುವಂತೆ ಪ್ಲೇಗ್ ಬ್ಯಾಕ್ಟೀರಿಯಾವನ್ನು ಮಾರ್ಪಡಿಸಿದಾಗ, ಇಲಿಗಳನ್ನು ಕೊಲ್ಲುವ ಅದರ ಶಕ್ತಿ ಉಡುಗಿಹೋಯಿತು. ವಿಷಮಶೀತಜ್ವರದ ಸಾಲ್ಮೊನೆಲ್ಲಾ ಟೈಫಿ ಬೇರೆ ಉಪಾಯ ಮಾಡುತ್ತದೆ: ವಿಐ ಎಂಬ ಸಕ್ಕರೆಯ ಕವಚ ಹೊದ್ದು ಎಲ್‌ಪಿಎಸ್ ಅನ್ನು ಮರೆಮಾಡುತ್ತದೆ, ಅದೇ ಹೊತ್ತಿಗೆ ಫ್ಲಾಜೆಲಿನ್ ತಯಾರಿಕೆಯನ್ನೂ ತಗ್ಗಿಸುತ್ತದೆ. ನಿಮ್ಮ ಮೊದಲ ಹಾಳೆಯ ಚಿತ್ರದ ಸುತ್ತ ಈ ಕವಚವನ್ನು ಪೆನ್ಸಿಲಿನಿಂದ ಬರೆದು, ಎರಡನೆಯ ಹಾಳೆಯ ಯಾವ ಯಾವ ಗ್ರಾಹಕಗಳಿಗೆ ಈಗ ಸುದ್ದಿ ಮುಟ್ಟುವುದಿಲ್ಲವೆಂದು ಹೊಡೆದುಹಾಕುತ್ತ ಹೋಗಿ.

ಕಲಿತದ್ದನ್ನು ಪರೀಕ್ಷಿಸಿಕೊಳ್ಳಲು ಒಂದು ನಿಜವಾದ ರೋಗವನ್ನು ತೆಗೆದುಕೊಳ್ಳಿ. ಐಆರ್‌ಎಕೆ–4 ಹುಟ್ಟಿನಿಂದಲೇ ಕೆಲಸ ಮಾಡದ ಕೆಲವೇ ಕೆಲವು ಮಕ್ಕಳಿದ್ದಾರೆ. 2003ರಲ್ಲಿ ಈ ಕಾಯಿಲೆಯನ್ನು ಮೊದಲು ವರದಿ ಮಾಡಲಾಯಿತು. ಅವರಿಗೆ ನ್ಯುಮೊಕಾಕಸ್ ಮತ್ತು ಸ್ಟ್ಯಾಫಿಲೊಕಾಕಸ್‌ಗಳ ತೀವ್ರ ಸೋಂಕು ಮತ್ತೆ ಮತ್ತೆ ತಗುಲುತ್ತದೆ, ಆದರೂ ಆರಂಭದಲ್ಲಿ ಜ್ವರ ಅಷ್ಟಾಗಿ ಏರುವುದಿಲ್ಲ, ಸಿಆರ್‌ಪಿಯೂ ಹೆಚ್ಚುವುದಿಲ್ಲ; ಬಾಲ್ಯವನ್ನು ದಾಟಿದವರಲ್ಲಿ ಸೋಂಕುಗಳು ಕಡಿಮೆಯಾಗುತ್ತ ಬರುತ್ತವೆ. ಸರಪಳಿಯ ಯಾವ ಕೊಂಡಿ ಕಳಚಿದ್ದರಿಂದ ಜ್ವರ ಬರಲಿಲ್ಲ, ಯಕೃತ್ತಿಗೆ ಯಾವ ಸಂದೇಶ ತಲುಪಲಿಲ್ಲ, ದೊಡ್ಡವರಾದಂತೆ ಯಾವ ಬೇರೆ ರಕ್ಷಣೆ ನೆರವಿಗೆ ಬಂದಿರಬಹುದು ಎಂಬ ಮೂರು ಪ್ರಶ್ನೆಗಳಿಗೆ, ಪುಸ್ತಕ ತೆರೆಯದೆ, ನಿಮ್ಮ ಎರಡು ಹಾಳೆಗಳನ್ನಷ್ಟೇ ಮುಂದಿಟ್ಟುಕೊಂಡು ಉತ್ತರ ಬರೆಯಿರಿ. ಮೂರನೆಯ ಉತ್ತರಕ್ಕೆ ತಡವಾಗಿ ಬರುವ ಪ್ರತಿಕಾಯಗಳಿಂದ ಆರಂಭಿಸಬಹುದು.