ಚಳಿಗಾಲದ ಹವೆಯನ್ನು ಅಂಗಳದಿಂದಲೇ ಗಮನಿಸುವ ಬಗೆ

ಚಳಿಗಾಲದ ಹವೆ ಒಂದೇ ದಿನದಲ್ಲಿ ಎರಡು ಮೂರು ಬಾರಿ ಮಗ್ಗುಲು ಬದಲಿಸುತ್ತದೆ. ಮುನ್ಸೂಚನೆಯನ್ನು ನೋಡುವುದು ಒಳ್ಳೆಯದೇ. ಆದರೆ ಅದು ವಿಶಾಲ ಪ್ರದೇಶವೊಂದಕ್ಕೆ ಹೇಳಿದ ಮಾತೇ ಹೊರತು ನಿಮ್ಮ ಬೀದಿಯ ದಿಬ್ಬಕ್ಕೊಂದು, ತಗ್ಗಿಗೊಂದು ಎಂದು ಬೇರ್ಪಡಿಸಿ ಹೇಳಿದ್ದಲ್ಲ. ತಣ್ಣನೆಯ ಗಾಳಿ ಭಾರವಾದುದರಿಂದ ಇರುಳಿನಲ್ಲಿ ಇಳಿಜಾರಿನಗುಂಟ ಜಾರಿ ತಗ್ಗಿನಲ್ಲಿ ಮಡುಗಟ್ಟುತ್ತದೆ. ಹಾಗಾಗಿ ಕೆಳಗಿನ ಮನೆಯ ಚಳಿಯೇ ಬೇರೆ, ಮೇಲಿನ ಮನೆಯ ಚಳಿಯೇ ಬೇರೆ.

ಥರ್ಮಾಮೀಟರನ್ನು ಎಲ್ಲಿ ತೂಗುಹಾಕುತ್ತೇವೆ ಎಂಬುದರ ಮೇಲೆಯೇ ಬಹುಪಾಲು ನಿಂತಿದೆ. ನಾನು ಎರಡು ಚಳಿಗಾಲ ಅದನ್ನು ಅಡುಗೆಮನೆಯ ಹೊರಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೆ. ಹಗಲೆಲ್ಲ ಬಿಸಿಲು ಕುಡಿದ ಗೋಡೆ ರಾತ್ರಿ ಆ ಬಿಸಿಯನ್ನು ಬಿಡುತ್ತಿತ್ತು. ನಾನು ಓದುತ್ತಿದ್ದುದು ಗೋಡೆಯ ಉಷ್ಣತೆಯನ್ನು ಎಂಬುದು ಕುಂಡದ ಗಿಡಗಳ ಎಲೆ ಕಪ್ಪಾಗಿ ಜೋತುಬಿದ್ದ ಮೇಲಷ್ಟೇ ತಿಳಿಯಿತು. ನೆರಳಿರುವ, ಗಾಳಿಯಾಡುವ, ಗೋಡೆಯಿಂದ ದೂರವಾದ ಜಾಗದಲ್ಲಿ, ನೆಲದಿಂದ ಸುಮಾರು 1.25ರಿಂದ 2 ಮೀಟರ್ ಎತ್ತರದಲ್ಲಿ ಅದು ಇರಬೇಕು. ಮಲಗುವ ಮುನ್ನ ಒಮ್ಮೆ ನೋಡಿ ಸಮಾಧಾನಪಟ್ಟುಕೊಂಡರೆ ಸಾಲದು, ಏಕೆಂದರೆ ಶುಭ್ರವಾದ ಇರುಳಿನ ಅತಿ ಕಡಿಮೆ ಉಷ್ಣತೆ ಸಾಮಾನ್ಯವಾಗಿ ಸೂರ್ಯೋದಯದ ಆಸುಪಾಸಿನಲ್ಲಿ ಬರುತ್ತದೆ.

ಮೋಡವೂ ಇಲ್ಲದ, ಎಲೆಯೂ ಅಲುಗದ ಸಂಜೆಯನ್ನು ಕಂಡರೆ ನಾನು ಹೆಚ್ಚು ಎಚ್ಚರವಾಗುತ್ತೇನೆ. ಅಂಥ ರಾತ್ರಿ ನೆಲ ತನ್ನ ಬಿಸಿಯನ್ನು ತಡೆಯಿಲ್ಲದೆ ಆಕಾಶಕ್ಕೆ ಬಿಟ್ಟು ಗಾಳಿಗಿಂತಲೂ ಬೇಗ ತಣ್ಣಗಾಗುತ್ತದೆ. ಥರ್ಮಾಮೀಟರ್ 2 ಅಥವಾ 3 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿರುವಾಗಲೇ ಹುಲ್ಲಿನ ತುದಿಯಲ್ಲಿ ಉಪ್ಪು ಉದುರಿಸಿದಂತೆ ಹಿಮದ ಹರಳು ಕೂತಿರಬಹುದು. ಗಿಡಗಳಿಗೆ ಬಟ್ಟೆ ಹೊದಿಸುವುದಿದ್ದರೆ ನೆಲದಲ್ಲಿ ಬಿಸಿ ಉಳಿದಿರುವ ಮುಸ್ಸಂಜೆಯಲ್ಲೇ ಹೊದಿಸಿ, ಬಿಸಿಲು ಬಂದೊಡನೆ ತೆಗೆಯಬೇಕು. ನಡುರಾತ್ರಿ ಮೋಡ ಕವಿದರೆ ಚಳಿ ಅಲ್ಲಿಗೇ ನಿಲ್ಲುವುದುಂಟು.

ವಾಯುಭಾರ ಮಾಪಕವಿದ್ದವರು ಅಂಕಿಗಿಂತ ಅದರ ಏರಿಳಿತವನ್ನು ನೋಡಬೇಕು. 3 ಗಂಟೆಯೊಳಗೆ ಗಾಳಿಯ ಒತ್ತಡ 3 ಹೆಕ್ಟೋಪ್ಯಾಸ್ಕಲ್‌ಗಿಂತ ಹೆಚ್ಚು ಇಳಿದರೆ ಹವೆ ಬೇಗನೆ ಕೆಡುವ ಲಕ್ಷಣ. ಮಾಪಕವನ್ನು ಒಂದೇ ಅಂತಸ್ತಿನಲ್ಲಿಟ್ಟು ಓದಿ. ಸುಮಾರು 8 ಮೀಟರ್ ಮೇಲೇರಿದರೇ 1 ಹೆಕ್ಟೋಪ್ಯಾಸ್ಕಲ್ ಕಡಿಮೆಯಾಗುತ್ತದೆ. ಚಂದ್ರನ ಸುತ್ತಲಿನ ದೊಡ್ಡ ಉಂಗುರ ಎತ್ತರದ ತೆಳುಮೋಡದ ಹಿಮಹರಳುಗಳಿಂದ ಆದದ್ದು. ಅದನ್ನು ಕಂಡರೆ ಮಳೆ ಖಚಿತ ಎನ್ನುವವರಿದ್ದಾರೆ, ನಾನಂತೂ ಅದೊಂದನ್ನೇ ನಂಬಿ ಒಣಗಲು ಹಾಕಿದ ಬಟ್ಟೆ ಎತ್ತಿದವಳಲ್ಲ.

ಒಂದು ನೋಟುಪುಸ್ತಕದಲ್ಲಿ ಗಂಟೆ, ಉಷ್ಣತೆ, ಗಾಳಿಯ ದಿಕ್ಕು, ಮೋಡ ಇಷ್ಟನ್ನು ಪ್ರತಿದಿನ ಅದೇ ಹೊತ್ತಿಗೆ ಬರೆದಿಡಿ. ದಿಬ್ಬದ ಮನೆಯವರೂ ತಗ್ಗಿನ ಮನೆಯವರೂ ವಾರಕ್ಕೊಮ್ಮೆ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಯಾವ ಮನೆಯ ಅಜ್ಜ ಅಜ್ಜಿಯರಿಗೆ ಮೊದಲು ಇನ್ನೊಂದು ಕಂಬಳಿ ಬೇಕಾಗುತ್ತದೆ ಎಂಬುದು ಆ ಅಂಕಿಗಳಲ್ಲೇ ಕಾಣಿಸುತ್ತದೆ.