ದೇವರ ಹೆಸರು ಹಿಡಿದು ಬೈಯುವ ಚಾಳಿ ಬಿಡುವುದು ಹೇಗೆ

ನನ್ನ ಮಗಳಿಗೆ ನಾಲ್ಕು ವರ್ಷ. ಒಂದು ಬೆಳಗ್ಗೆ ಗೊಂಬೆಯ ಹೊದಿಕೆ ಕಿತ್ತು, ಸೊಂಟದ ಮೇಲೆ ಕೈ ಇಟ್ಟುಕೊಂಡು, "ಏಳೇ ಮೂದೇವಿ, ಹೊತ್ತು ಏರಿತು" ಅಂದಳು. ಮಾತು ನನ್ನದು. ರಾಗವೂ ನನ್ನದೇ. ನನಗೆ ಅದು ನಮ್ಮಮ್ಮನಿಂದ ಬಂದದ್ದು. ಕೇಳಿ ಎದೆ ಧಸಕ್ ಅಂತು. ಅವತ್ತಿನಿಂದ ಬಾಯಿ ತಿದ್ದಿಕೊಳ್ಳಲು ಶುರು ಮಾಡಿದೆ, ಪೂರ್ತಿ ಹಿಡಿತಕ್ಕೆ ಬರಲು ಎಂಟು ತಿಂಗಳು ಬೇಕಾಯಿತು. ನಿಮ್ಮ ಮನೆಯಲ್ಲೂ ಇಂಥ ಮಾತು ಓಡಾಡುತ್ತಿದ್ದರೆ, ನಾನು ಮಾಡಿದ್ದು ಹೀಗೆ.

ಮೊದಲು ಏನನ್ನೂ ಬಿಡಲು ಹೋಗಬೇಡಿ. ಮೂರು ದಿನ ಸುಮ್ನೆ ಬರೆದಿಟ್ಟುಕೊಳ್ಳಿ. ನಾನು ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರ ಲೆಕ್ಕ ಬರೆಯುತ್ತೇನೆ. ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲೇ ಬರೆದೆ. ನನ್ನ ಬಾಯಿಂದ ಬಂದದ್ದು, ಪಕ್ಕದವರ ಬಾಯಿಂದ ಬಂದದ್ದು, ಎರಡೂ. ಮೂರನೇ ದಿನ ಓದಿ ನೋಡಿದರೆ ಎಲ್ಲ ಒಂದೇ ಜಾತಿಯ ಮಾತಲ್ಲ ಅಂತ ಗೊತ್ತಾಯಿತು.

15 ಕೆಜಿ ಬಾಕ್ಸ್ ಕಾಲಿನ ಮೇಲೆ ಬಿದ್ದಾಗ ಹಮಾಲಿ "ಅಯ್ಯೋ ಶಿವನೇ" ಅಂದಿದ್ದ. ನಮ್ಮ ಕಡೆ ತೆಲುಗೂ ಓಡುತ್ತದಲ್ವಾ, ಇನ್ನೊಬ್ಬರು "ದೇವುಡಾ" ಅಂದಿದ್ದರು. ಹರಾಜಿನಲ್ಲಿ ರೇಟು ಬಿದ್ದಾಗ ಒಬ್ಬ ರೈತರು ಟವೆಲ್ ಕೊಡವಿ "ಬಾಡಿಗೆ ದುಡ್ಡೂ ಗೋವಿಂದ" ಅಂತ ಎದ್ದು ಹೋಗಿದ್ದರು. ಇವೆಲ್ಲ ಬೈಗುಳ ಅಲ್ಲ. ನೋವಾದಾಗ ಕರೆದದ್ದು, ಕಳೆದುಕೊಂಡದ್ದನ್ನು ದೇವರ ಲೆಕ್ಕಕ್ಕೆ ಬರೆದದ್ದು. ಅದನ್ನು ಹಾಗೇ ಬಿಡಿ. ಉಳಿದವು ಬೇರೆ: ಮೂದೇವಿ, ಶನಿ, ಮಾರಿ, "ನಿನ್ ತಿಥಿ ಮಾಡ", "ನಿನ್ ಪಿಂಡ". ಇವು ಎದುರಿಗಿದ್ದವರ ಮುಖಕ್ಕೆ ಎಸೆದವು. ಬಿಡಬೇಕಾದದ್ದು ಇವನ್ನು ಮಾತ್ರ. ಎಲ್ಲವನ್ನೂ ಒಟ್ಟಿಗೆ ಬಿಡಲು ಹೋದವರು ಒಂದನ್ನೂ ಬಿಡುವುದಿಲ್ಲ.

ಸಿಟ್ಟು ಬಂದಾಗ ಇವೇ ಯಾಕೆ ಬಾಯಿಗೆ ಬರುತ್ತವೆ? ಯಾವ ಹೆಸರಿಗೆ ಹೆದರುತ್ತೇವೋ ಅದರಲ್ಲೇ ಕಾವು ಜಾಸ್ತಿ. ಕೆನಡಾದ ಕ್ವೆಬೆಕ್‌ನಲ್ಲಿ ಫ್ರೆಂಚ್ ಮಾತಾಡುವವರ ದೊಡ್ಡ ಬೈಗುಳಗಳು ಚರ್ಚಿನೊಳಗಿನ ಸಾಮಾನುಗಳ ಹೆಸರು. 'ತಬರ್ನಾಕ್' ಅಂದರೆ ಪ್ರಸಾದ ಇಡುವ ಪೆಟ್ಟಿಗೆ, 'ಕಾಲಿಸ್' ಅಂದರೆ ಪೂಜೆಯ ಬಟ್ಟಲು. ಅಲ್ಲಿ 1960ರ ದಶಕದವರೆಗೆ ಶಾಲೆ, ಆಸ್ಪತ್ರೆ ಎಲ್ಲ ಹೆಚ್ಚಾಗಿ ಚರ್ಚಿನ ಕೈಯಲ್ಲಿದ್ದವು. ಜನರ ಮೇಲೆ ಯಾವುದರ ಹಿಡಿತ ಇತ್ತೋ, ಸಿಟ್ಟಿನಲ್ಲಿ ಅದನ್ನೇ ಹಿಡಿದು ಎಸೆದರು. ನಾವು ತಿಥಿ, ಪಿಂಡ ಅನ್ನುವುದೂ ಅದೇ ಕಾರಣಕ್ಕೆ. ಇಂಗ್ಲೆಂಡಿನಲ್ಲಿ 1606ರಲ್ಲಿ ಕಾನೂನೇ ಬಂತು: ನಾಟಕದಲ್ಲಿ ದೇವರ ಹೆಸರನ್ನು ಹಗುರವಾಗಿ ಆಡಿದರೆ 10 ಪೌಂಡ್ ದಂಡ. ಆದರೂ ಜನ ಆಡುವುದು ಬಿಡಲಿಲ್ಲ. ಹೆದರಿಸಿದಷ್ಟೂ ಮಾತಿಗೆ ಕಾವೇರುತ್ತದೆ. ಅದಕ್ಕೇ ಮಕ್ಕಳ ಬಾಯಿಗೆ ಹೊಡೆಯಬೇಡಿ ಅನ್ನುತ್ತೇನೆ. ಹೊಡೆದರೆ ಆ ಮಾತು ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಮುಂದಿನ ಕೆಲಸ, ನೀವು ಎಸೆಯುವ ಹೆಸರು ಯಾರದು ಅಂತ ತಿಳಿದುಕೊಳ್ಳುವುದು. ನನಗೆ ಎಲ್ಲಕ್ಕಿಂತ ನೆರವಾದದ್ದು ಇದೇ. ಮೂದೇವಿ ಅಂದರೆ ಲಕ್ಷ್ಮಿಯ ಅಕ್ಕ, ಜ್ಯೇಷ್ಠಾದೇವಿ. ತಮಿಳಿನಲ್ಲಿ 'ಮೂ' ಅಂದರೆ ಹಿರಿಯ. ಸಮುದ್ರ ಕಡೆದಾಗ ಲಕ್ಷ್ಮಿಗಿಂತ ಮೊದಲು ಬಂದವಳು ಅಂತ ಕಥೆ. ಪಲ್ಲವರ ಕಾಲದಲ್ಲಿ ಆಕೆಗೆ ಪೂಜೆ ನಡೆಯುತ್ತಿತ್ತು. ಕಂಚಿಯ ಕೈಲಾಸನಾಥನ ಗುಡಿ 8ನೇ ಶತಮಾನದ್ದು, ಅಲ್ಲಿ ಆಕೆಯ ವಿಗ್ರಹ ಇದೆ. ಆಕೆಯ ಬಾವುಟದಲ್ಲಿ ಕಾಗೆ. ತಂಗಿಯ ಪಾಲಿಗೆ ಸಿರಿ ಬಂತು, ಅಕ್ಕನ ಪಾಲಿಗೆ ದರಿದ್ರ, ಜಗಳ, ಸೋಮಾರಿತನ. ಹೊತ್ತೇರಿದರೂ ಮಲಗಿರುವವರನ್ನು ಆಕೆಯ ಹೆಸರು ಹಿಡಿದು ಎಬ್ಬಿಸುವುದು ಇದಕ್ಕೇ. ಪೂಜೆ ಹೆಚ್ಚುಕಡಿಮೆ ನಿಂತುಹೋಯಿತು, ಹೆಸರು ಬೈಗುಳವಾಗಿ ಉಳಿಯಿತು. ಇದು ತಿಳಿದ ಮೇಲೆ ಆ ಮಾತು ನನ್ನ ಗಂಟಲಲ್ಲಿ ಒಂದು ಕ್ಷಣ ನಿಲ್ಲತೊಡಗಿತು. ಮಾರಿಯದೂ ಹಾಗೆ. ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ಹೆಸರು ಹೇಳಲೂ ಹೆದರಿ "ಅಮ್ಮ ಆಗಿದೆ" ಅನ್ನುತ್ತೇವೆ, ಬೇವಿನ ಸೊಪ್ಪು ತಂದಿಡುತ್ತೇವೆ. ಅದೇ ಹೆಸರನ್ನು ಅಡುಗೆ ಮನೆಯಲ್ಲಿ ನಿಂತ ಹೆಂಡತಿಯ ಮುಖಕ್ಕೆ ಹೇಗೆ ಎಸೆಯುವುದು?

ಆ ಒಂದು ಕ್ಷಣ ಸಿಕ್ಕರೆ ಸಾಲದು. ಬಾಯಿ ಆಗಲೇ ತೆರೆದಿರುತ್ತದೆ, ಏನಾದರೂ ಹೊರಗೆ ಬರಲೇಬೇಕು. ಅಲ್ಲಿಗೆ ಬೇರೆ ಮಾತು ಸಿದ್ಧ ಇರಲಿ. ಮೊದಲ ಅಕ್ಷರ ಹಳೇ ಮಾತಿನದೇ ಆಗಿರಬೇಕು, ಇಲ್ಲದಿದ್ದರೆ ನಾಲಿಗೆ ತಿರುಗುವುದಿಲ್ಲ. ಇಂಗ್ಲಿಷಿನವರು 'ಗಾಡ್' ಅನ್ನಲು ಹೋಗಿ 'ಗಾಶ್' ಅನ್ನುವುದು, ಕ್ವೆಬೆಕ್‌ನವರು 'ತಬರ್ನಾಕ್' ಬದಲು 'ತಬರ್ನೂಶ್' ಅನ್ನುವುದು ಇದೇ ಉಪಾಯ. ನಾನು 'ಮೂದೇವಿ'ಗೆ 'ಮೂಲಂಗಿ' ಇಟ್ಟುಕೊಂಡೆ. 'ಮಾರಿ'ಗೆ 'ಮಾವಿನಕಾಯಿ', ಮಾವಿಗೆ ಹೆಸರಾದ ಪಕ್ಕದ ಶ್ರೀನಿವಾಸಪುರದ ನೆನಪಿಗೆ. 'ಶನಿ'ಗೆ 'ಶ್ಯಾವಿಗೆ'. ಸಿಟ್ಟಿಲ್ಲದಾಗ ಗಾಡಿ ಓಡಿಸುತ್ತಾ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಸಿಟ್ಟು ಬಂದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಆದರೆ ಮೂಲಂಗಿಯಿಂದ ನೋವು ಕಡಿಮೆಯಾಗುತ್ತದೆ ಅಂತ ತಿಳಿಯಬೇಡಿ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ತಂಡ 2009ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿತು. ಕೊರೆಯುವ ನೀರಿನಲ್ಲಿ ಕೈ ಇಟ್ಟು ಬೈಗುಳ ಹೇಳಿದವರು, ಸಾದಾ ಮಾತು ಹೇಳಿದಾಗಿನಕ್ಕಿಂತ ಹೆಚ್ಚು ಹೊತ್ತು ತಾಳಿದರು. 2020ರಲ್ಲಿ ಹೊಸದಾಗಿ ಕಟ್ಟಿದ ಬೈಗುಳ ಕೊಟ್ಟು ನೋಡಿದರು. ಅದರಿಂದ ತಾಳ್ಮೆ ಹೆಚ್ಚಲಿಲ್ಲ. ದಿನವೂ ಜಾಸ್ತಿ ಬೈಯುವವರಿಗೆ ನಿಜವಾದ ಬೈಗುಳದಿಂದಲೂ ಲಾಭ ಕಡಿಮೆ ಅಂತ 2011ರಲ್ಲೇ ಕಂಡಿದ್ದರು. ಹಾಗಾಗಿ ಬೆರಳು ಬಾಗಿಲಿಗೆ ಸಿಕ್ಕಿದರೆ "ಶಿವನೇ" ಅನ್ನಿ, "ಅಮ್ಮಾ" ಅನ್ನಿ. ಮೂಲಂಗಿ ಎದುರಿಗಿದ್ದವರನ್ನು ಉಳಿಸುವುದಕ್ಕೆ.

ತಪ್ಪಿ ಹಳೇ ಮಾತೇ ಬಂದುಬಿಟ್ಟರೆ ಅಲ್ಲೇ, ಅವರ ಎದುರಿಗೇ, ಒಂದೇ ಮಾತಿನಲ್ಲಿ ತಿದ್ದಿಕೊಳ್ಳಿ. ನಾನು ಹಮಾಲಿ ಹುಡುಗನಿಗೆ "ಶನಿ ಅಂದುಬಿಟ್ಟೆ ಕಣಪ್ಪ, ತಪ್ಪಾಯ್ತು" ಅಂದೆ. ಅವನು ಬಾಕ್ಸ್ ಇಳಿಸಿ ನನ್ನ ಮುಖ ನೋಡಿದ. ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲವಂತೆ.

ಹಿರಿಯರನ್ನು ತಿದ್ದಲು ಹೋಗಬೇಡಿ. ನಮ್ಮಮ್ಮ ಈಗಲೂ ಮೂದೇವಿ ಅನ್ನುತ್ತಾಳೆ. ಮಗಳಿಗೆ ಮಾತ್ರ ಲಕ್ಷ್ಮಿಯ ಅಕ್ಕನ ಕಥೆ ಹೇಳಿದ್ದೇನೆ, ಕಾಗೆಯ ಬಾವುಟದ ಸಮೇತ. ಮೊನ್ನೆ ಅಜ್ಜಿ ನನ್ನನ್ನು ಹಾಗೆ ಕೂಗಿದಾಗ ಅವಳು ಬಾಗಿಲಿಗೆ ಓಡಿಹೋಗಿ ಆಚೆ ಇಣುಕಿದಳು, ಯಾರಾದರೂ ಬಂದಿದ್ದಾರಾ ಅಂತ.